ಗೀಜಗದ ಗೂಡಿನ ಗುಟ್ಟು ಬಿಡಿಸಿದ ಸಲೀಂ ಅಲಿ

ಮಕ್ಕಳೇ, ಮಳೆಗಾಲದಲ್ಲಿ ಹೊರ್ತಿ, ಇಂಡಿ, ಸಿಂದಗಿ ಕಡೆಯ ಹೊಲಗಳಿಗೆ ಹೋದಾಗ ಬಾವಿಯ ಮೇಲೆ ಬಾಗಿದ ಜಾಲಿ ಗಿಡಗಳನ್ನು ಗಮನಿಸಿ. ಅಂಥ ಕೊಂಬೆಗಳೆಂದರೆ ಗೀಜಗ ಹಕ್ಕಿಗೆ ಬಲು ಇಷ್ಟ. ಅಲ್ಲಿ ತೂಗುವ ಗೂಡುಗಳಲ್ಲಿ ಕೆಲವು ಪೂರ್ತಿಯಾಗಿರುತ್ತವೆ, ಕೆಲವು ಅರ್ಧಕ್ಕೇ ನಿಂತಿರುತ್ತವೆ. ಏಕೆ ಹೀಗೆ? ಇದರ ಗುಟ್ಟನ್ನು ತಾಳ್ಮೆಯಿಂದ ಬಿಡಿಸಿದವರು ಪಕ್ಷಿವಿಜ್ಞಾನಿ ಡಾ. ಸಲೀಂ ಅಲಿ.

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವರನ್ನು ಸೋದರಮಾವ ಬೆಳೆಸಿದರು. ಹುಡುಗನಾಗಿದ್ದಾಗ ಒಮ್ಮೆ ಅವರು ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಅದು ಯಾವ ಗುಬ್ಬಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿದ್ದ ಮಿಲಾರ್ಡ್ ಎಂಬವರು ಆ ಗುಬ್ಬಿಯ ಹೆಸರು ತಿಳಿಸಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಹುಡುಗನ ಬಾಳಿನ ದಾರಿಯೇ ಬದಲಾಯಿತು.

ಮುಂದೆ ಅವರು ಜರ್ಮನಿಯ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಮರಳಿದಾಗ ಅವರಿಗೆ ಕೆಲಸವೇ ಇರಲಿಲ್ಲ. ಮುಂಬಯಿಯ ಸಮೀಪ, ಸಮುದ್ರ ತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ಹೆಂಡತಿ ತೆಹ್ಮಿನಾ ಅವರೊಡನೆ ನೆಲೆಸಿದರು. ಆದರೆ ಕೈಕಟ್ಟಿ ಕೂರಲಿಲ್ಲ. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮರೆಯಲ್ಲಿ ಕುಳಿತು ಅವುಗಳನ್ನು ದಿನವೂ ನೋಡಿದರು, ಕಂಡದ್ದನ್ನೆಲ್ಲ ಬರೆದಿಟ್ಟರು.

ಅವರು ಕಂಡದ್ದೇನು ಗೊತ್ತೇ? ಗೂಡು ಹೆಣೆಯುವುದು ಗಂಡು ಹಕ್ಕಿ. ಅರ್ಧ ಗೂಡು ಮುಗಿದೊಡನೆ ಅದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಗೂಡನ್ನು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ, ಹೆಣ್ಣು ಮೊಟ್ಟೆಯಿಡುತ್ತದೆ. ಬಳಿಕ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ! ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ. ನೋಡಿ, ಅರ್ಧ ಗೂಡು ಹಕ್ಕಿಯ ಸೋಮಾರಿತನದ ಗುರುತಲ್ಲ.

ಸಲೀಂ ಅಲಿ ನಮ್ಮ ನಾಡಿಗೂ ಬಂದಿದ್ದರು. ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಅವರು ಬರೆದ ಭಾರತದ ಹಕ್ಕಿಗಳ ಪುಸ್ತಕ ಸಾವಿರಾರು ಜನರಿಗೆ ಹಕ್ಕಿ ನೋಡುವ ಹವ್ಯಾಸ ಹಚ್ಚಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂತು. 1987ರ ಜೂನ್ 20ರಂದು ಅವರು ತೀರಿಕೊಂಡರು.

ಗೀಜಗ ಅಪರೂಪದ ಹಕ್ಕಿಯೇನಲ್ಲ. ಆದರೂ ಅದರ ಗುಟ್ಟು ತಿಳಿಯಲು ದಿನಗಟ್ಟಲೆ ನೋಡಬೇಕಾಯಿತು. ನಿಮ್ಮ ಶಾಲೆಯ ಅಂಗಳಕ್ಕೆ ಬರುವ ಗುಬ್ಬಿ, ಮೈನಾ, ಕಾಗೆಗಳನ್ನೂ ಹೀಗೆಯೇ ನೋಡಬಹುದು. ಬಂದೂಕು ಬೇಡ, ಕವಣೆ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಗೂಡನ್ನು ಮುಟ್ಟದೆ ದೂರದಿಂದಲೇ ನೋಡಿ. ದಿನಾಂಕ, ಹೊತ್ತು, ಹಕ್ಕಿ ಮಾಡಿದ ಕೆಲಸ ಇವನ್ನು ಬರೆದಿಡಿ. ಯಾರಿಗೆ ಗೊತ್ತು, ಯಾವ ಗುಟ್ಟು ನಿಮ್ಮ ಕಣ್ಣಿಗೆ ಬೀಳುವುದೋ!