ಮೌಸ್ ಕಂಡುಹಿಡಿದದ್ದು ಸ್ಟೀವ್ ಜಾಬ್ಸ್ ಅಲ್ಲ, ಡಗ್ಲಸ್ ಎಂಗೆಲ್‌ಬಾರ್ಟ್: ಅವರ ಬದುಕು ನಮಗೆ ಕಲಿಸುವ ಫೈಲ್ ಪಾಠ

ನಾವು ಇತ್ತೀಚೆಗೆ ಭಾಲ್ಕಿಯ ಒಂದು ಕಂಪ್ಯೂಟರ್ ತರಗತಿಯಲ್ಲಿ ಕೂತಿದ್ದೆವು. ಬೀದರ್ ನಗರದಿಂದ, ಔರಾದ್ ಕಡೆಯ ಹಳ್ಳಿಗಳಿಂದ ಬಸ್ ಹಿಡಿದು ಬಂದವರೂ ಇದ್ದರು. ಎಲ್ಲರಿಗೂ ಸ್ಮಾರ್ಟ್‌ಫೋನ್ ಚೆನ್ನಾಗಿ ಗೊತ್ತು, ಮೌಸ್ ಮಾತ್ರ ಹೊಸದು. ಅಂಗನವಾಡಿ ಕಾರ್ಯಕರ್ತೆಯೊಬ್ಬರು ಎರಡು ದಿನ ಕೂತು ಮಕ್ಕಳ ಹೆಸರಿನ ಪಟ್ಟಿ ಟೈಪ್ ಮಾಡಿದ್ದರು. ಪರದೆಯ ಮೇಲಿದ್ದ ಅದರ ಐಕಾನ್ ಕೈತಪ್ಪಿ ಡಿಲೀಟ್ ಆಯಿತು. ಪಟ್ಟಿಯೇ ಹೋಯಿತೆಂದು ಅವರ ಕಣ್ಣಲ್ಲಿ ನೀರು. ಹೋಗಿದ್ದು ಬರೀ ಶಾರ್ಟ್‌ಕಟ್. ಪಟ್ಟಿ ಫೋಲ್ಡರ್‌ನಲ್ಲಿ ಹಾಗೇ ಇತ್ತು.

ಅದೇ ದಿನ ಅವರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಮೌಸ್, ಐಕಾನ್, ಫೋಲ್ಡರ್ ಎಲ್ಲವನ್ನೂ ಕಂಡುಹಿಡಿದದ್ದು ಸ್ಟೀವ್ ಜಾಬ್ಸ್ ಎಂದು ಅದರಲ್ಲಿತ್ತು. ಎರಡೂ ತಪ್ಪಿನ ಬೇರು ಒಂದೇ: ಮುಂದೆ ಕಾಣುವುದನ್ನೇ ಪೂರ್ತಿ ಎಂದು ನಂಬುವುದು. ಆ ಹೆಸರಿನ ಹಿಂದೆ ಮರೆಯಾದ ಒಬ್ಬರ ಬದುಕನ್ನು ನೋಡೋಣ.

ರಡಾರ್ ಪರದೆಯಿಂದ ಶುರು

ಡಗ್ಲಸ್ ಎಂಗೆಲ್‌ಬಾರ್ಟ್ ಹುಟ್ಟಿದ್ದು 1925ರ ಜನವರಿ 30ರಂದು, ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಎರಡನೇ ಮಹಾಯುದ್ಧದ ಕೊನೆಗೆ ನೌಕಾಪಡೆಯ ರಡಾರ್ ತಂತ್ರಜ್ಞರಾಗಿ ಫಿಲಿಪೈನ್ಸ್‌ಗೆ ಹೋದರು. ಅಲ್ಲಿ ರೆಡ್‌ಕ್ರಾಸ್‌ನ ಪುಟ್ಟ ಓದುವ ಕೋಣೆಯಲ್ಲಿ ವ್ಯಾನೆವರ್ ಬುಷ್ ಎಂಬ ವಿಜ್ಞಾನಿಯ ಲೇಖನ ಕಣ್ಣಿಗೆ ಬಿತ್ತು. ಪುಸ್ತಕ, ಪತ್ರ, ಟಿಪ್ಪಣಿಗಳನ್ನೆಲ್ಲ ಒಂದು ಮೇಜಿನಂಥ ಯಂತ್ರದಲ್ಲಿ ಇಟ್ಟು, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹೋಗುವ ಕಲ್ಪನೆ ಅದರಲ್ಲಿತ್ತು.

1948ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಕ್ಯಾಲಿಫೋರ್ನಿಯಾದ ಪ್ರಯೋಗಾಲಯವೊಂದಕ್ಕೆ ಸೇರಿದರು. 1950ರ ಕೊನೆಗೆ ಮದುವೆ ನಿಶ್ಚಯವಾಯಿತು. ನೌಕರಿ ಇದೆ, ಸಂಸಾರ ಶುರುವಾಗಲಿದೆ, ಮುಂದಿನ ಬದುಕಿನ ಗುರಿ ಏನು ಎಂಬ ಪ್ರಶ್ನೆ ಅವರನ್ನು ಕಾಡಿತು. ಜನರ ಸಮಸ್ಯೆಗಳು ದಿನೇದಿನೇ ಜಟಿಲವಾಗುತ್ತಿವೆ, ಎಲ್ಲರೂ ಸೇರಿ ಯೋಚಿಸಲು ನೆರವಾಗುವ ಸಾಧನ ಬೇಕು ಎನಿಸಿತು.

ಆಗಿನ ಕಂಪ್ಯೂಟರ್‌ಗೆ ಲೆಕ್ಕ ಕೊಡಬೇಕಾದರೆ ತೂತು ಕೊರೆದ ಕಾರ್ಡುಗಳ ಕಟ್ಟು ಕೊಟ್ಟು, ಉತ್ತರಕ್ಕೆ ಕಾಯಬೇಕಿತ್ತು. ಎಂಗೆಲ್‌ಬಾರ್ಟ್‌ಗೆ ನೆನಪಾದದ್ದು ತಮ್ಮ ರಡಾರ್ ಪರದೆ. ಅದು ವಿಮಾನದ ಗುರುತು ತೋರಿಸಬಲ್ಲದಾದರೆ, ಕಂಪ್ಯೂಟರ್‌ಗೂ ಪರದೆ ಜೋಡಿಸಿ ಅಕ್ಷರ ಏಕೆ ತೋರಿಸಬಾರದು? 1955ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌.ಡಿ. ಮುಗಿಸಿದರು. 1957ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿದರು.

ಮರದ ಡಬ್ಬಿಯ ಮೌಸ್

ಪರದೆ ಬಂದರೆ ಸಾಲದು, ಪರದೆಯ ಮೇಲಿನ ಅಕ್ಷರವನ್ನು ತೋರಿಸಿ ಹಿಡಿಯಲು ಏನಾದರೂ ಬೇಕು. ಎಂಗೆಲ್‌ಬಾರ್ಟ್ ಕಲ್ಪನೆ ಕೊಟ್ಟರು, ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಅದನ್ನು ತಯಾರಿಸಿದರು. ಮರದ ಪುಟ್ಟ ಡಬ್ಬಿ, ಮೇಲೊಂದು ಗುಂಡಿ, ಕೆಳಗೆ ಎರಡು ಚಕ್ರ. ಒಂದು ಚಕ್ರ ಎಡ-ಬಲದ ಚಲನೆಗೆ, ಇನ್ನೊಂದು ಮೇಲೆ-ಕೆಳಗಿನ ಚಲನೆಗೆ. ಬಾಲದಂತೆ ವೈರ್ ಇದ್ದುದರಿಂದ ಲ್ಯಾಬ್‌ನಲ್ಲಿ ಇಲಿ ಎಂದು ಕರೆದರು, ಅದೇ ಹೆಸರು ಉಳಿಯಿತು. ಬೇರೆ ಸಾಧನಗಳ ಜೊತೆ ಪರೀಕ್ಷೆಗಿಟ್ಟಾಗ ಮೌಸ್ ಮುಂದಿತ್ತು.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು 1,000 ತಜ್ಞರ ಮುಂದೆ ಅವರು 90 ನಿಮಿಷ ಪ್ರಾತ್ಯಕ್ಷಿಕೆ ಕೊಟ್ಟರು. ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಟೈಪ್ ಮಾಡಿದರು. ವಿಂಗಡಿಸಿದರು, ಮಡಚಿದರು, ಮತ್ತೆ ಬಿಚ್ಚಿದರು. ಒಂದು ಪದ ಒತ್ತಿದರೆ ಇನ್ನೊಂದು ಕಡೆಗೆ ಹೋಗುವ ಲಿಂಕ್ ತೋರಿಸಿದರು. ಸುಮಾರು 50 ಕಿ.ಮೀ. ದೂರದಲ್ಲಿದ್ದ ಸಹೋದ್ಯೋಗಿಯ ಮುಖ ಪರದೆಯ ಮೇಲೆ ಬಂತು, ಇಬ್ಬರೂ ಒಂದೇ ಬರಹದ ಮೇಲೆ ಕೆಲಸ ಮಾಡಿದರು. ನಾವು ಇಂದು ಮಾಡುವ ವಿಡಿಯೊ ಕಾಲ್‌ನ ಮೂಲ ಇಂಥ ಪ್ರಯೋಗಗಳಲ್ಲಿದೆ.

1970ರ ನವೆಂಬರ್ 17ರಂದು ಮೌಸ್‌ಗೆ ಪೇಟೆಂಟ್ ಸಿಕ್ಕಿತು. ಅದರ ಹಕ್ಕು ಸಂಸ್ಥೆಯದು. ಮುಂದೆ ಸುಮಾರು 40 ಸಾವಿರ ಡಾಲರ್‌ಗೆ ಆ್ಯಪಲ್ ಪರವಾನಗಿ ಪಡೆಯಿತು. ಎಂಗೆಲ್‌ಬಾರ್ಟ್‌ಗೆ ರಾಯಧನ ಬರಲಿಲ್ಲ.

ಐಕಾನ್ ಯಾರದು?

ಇಲ್ಲೊಂದು ಎಚ್ಚರ. ಎಲ್ಲವೂ ಎಂಗೆಲ್‌ಬಾರ್ಟ್ ಅವರದೇ ಎಂದರೆ ಅದೂ ತಪ್ಪು ಫಾರ್ವರ್ಡ್ ಆಗುತ್ತದೆ. ಅವರ ಪರದೆಯಲ್ಲಿ ಫೋಲ್ಡರ್ ಚಿತ್ರ ಇರಲಿಲ್ಲ. ಅವರ ತಂಡದ ಕೆಲವರು ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಹೋದರು. ಅಲ್ಲಿ 1973ರಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ತಯಾರಾಯಿತು. 1981ರಲ್ಲಿ ಜೆರಾಕ್ಸ್ ಸ್ಟಾರ್ ಮಾರುಕಟ್ಟೆಗೆ ಬಂದಾಗ ಪರದೆಯೇ ಆಫೀಸಿನ ಮೇಜಾಗಿತ್ತು: ಅದರ ಮೇಲೆ ಕಾಗದ, ಫೋಲ್ಡರ್‌ಗಳ ಚಿತ್ರ. ಸ್ಟೀವ್ ಜಾಬ್ಸ್ ಆ ಕೇಂದ್ರಕ್ಕೆ ಭೇಟಿ ಕೊಟ್ಟಿದ್ದು 1979ರಲ್ಲಿ. ನಂತರ 1983ರಲ್ಲಿ ಆ್ಯಪಲ್ ಲಿಸಾ, 1984ರಲ್ಲಿ ಮ್ಯಾಕಿಂಟಾಶ್, 1985ರಲ್ಲಿ ವಿಂಡೋಸ್ ಬಂದವು. ಇದು ಹಲವು ಕೈಗಳ ಕೆಲಸ.

ಅಷ್ಟರಲ್ಲಿ ಎಂಗೆಲ್‌ಬಾರ್ಟ್ ಹಿಂದೆ ಸರಿದಿದ್ದರು. ಅನುದಾನ ಕಡಿಮೆಯಾಗಿ ತಂಡ ಚದುರಿತ್ತು. ಅವರ ವ್ಯವಸ್ಥೆ ಕಲಿಯಲು ಕಷ್ಟ ಎಂಬ ದೂರೂ ಇತ್ತು. ಆದರೆ ಸೈಕಲ್ ಕಲಿಯುವಂತೆ ಬಿದ್ದು ಎದ್ದು ಅಭ್ಯಾಸ ಮಾಡಿದರೆ ಯಾರಿಗಾದರೂ ಬರುತ್ತದೆ ಎಂಬುದು ಅವರ ನಂಬಿಕೆ. 1997ರಲ್ಲಿ ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 2013ರ ಜುಲೈ 2ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೋರ್ಡ್ ಬೇರೆ, ಒಳಗಿನ ಪಾಠ ಬೇರೆ

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಬೀದರ್ ಜಿಲ್ಲೆಯಲ್ಲಿ ಮನೆಮಾತು. ಫೈಲ್‌ಗಳನ್ನು ಅರ್ಥ ಮಾಡಿಕೊಳ್ಳಲು ಅದೇ ಕಥೆ ಸಾಕು. ಐಕಾನ್ ಮತ್ತು ಹೆಸರು ಹೊರಗಿನ ಬೋರ್ಡ್. ಫೈಲ್ ಒಳಗಿರುವ ಪಾಠ. ಪಟ್ಟದ್ದೇವರ ಬೋರ್ಡ್ ಒಳ್ಳೆಯದಕ್ಕಾಗಿ ಇತ್ತು, ಮೋಸಗಾರರ ಬೋರ್ಡ್ ಹಾಗಲ್ಲ.

• ಐಕಾನ್ ಮೂಲೆಯಲ್ಲಿ ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್. ಅಳಿಸಿದರೂ ಫೈಲ್ ಉಳಿಯುತ್ತದೆ.
• ಕಂಪ್ಯೂಟರ್‌ನಲ್ಲಿ ಡಿಲೀಟ್ ಆದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ನಲ್ಲಿರುತ್ತದೆ, ವಾಪಸ್ ತರಬಹುದು. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ.
• ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರ್. ಎಲ್ಲವನ್ನೂ ಅಲ್ಲೇ ಗುಡ್ಡೆ ಹಾಕದೆ, ವಿಷಯಕ್ಕೊಂದು ಫೋಲ್ಡರ್ ಮಾಡಿ.
• ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳು ಫೈಲ್ ಯಾವ ಜಾತಿಯದು ಎಂದು ಹೇಳುತ್ತವೆ. ಮದುವೆ ಆಮಂತ್ರಣ ಎಂದರೆ ಫೋಟೊ, ವಿಡಿಯೊ ಅಥವಾ ಪಿಡಿಎಫ್ ಇರಬೇಕು. ಹೆಸರು ಆಮಂತ್ರಣ, ಕೊನೆಗೆ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಇಂಥವನ್ನು ಇನ್‌ಸ್ಟಾಲ್ ಮಾಡಿ ಬ್ಯಾಂಕ್ ಹಣ ಕಳೆದುಕೊಂಡವರಿದ್ದಾರೆ. ಪರಿಚಿತರ ನಂಬರ್‌ನಿಂದ ಬಂದರೂ ಒತ್ತಬೇಡಿ, ಮೊದಲು ಅವರಿಗೆ ಫೋನ್ ಮಾಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಮೌಸ್ ಸ್ಟೀವ್ ಜಾಬ್ಸ್ ಅವರ ಆವಿಷ್ಕಾರ ಎಂಬುದು ಸುಳ್ಳು. ಐಕಾನ್, ಫೋಲ್ಡರ್ ಕೂಡ ಅವರೊಬ್ಬರ ಕೆಲಸವಲ್ಲ.

ಭಾಲ್ಕಿಯ ಆ ಅಕ್ಕ ಸಂಜೆಯ ಹೊತ್ತಿಗೆ ಫೋಲ್ಡರ್ ತೆರೆದು ಪಟ್ಟಿಯನ್ನು ತಾವೇ ಹುಡುಕಿದರು. ಹೊಸ ಶಾರ್ಟ್‌ಕಟ್ ಮಾಡಿಟ್ಟರು. ಆಮೇಲೆ ಆ ಫಾರ್ವರ್ಡ್ ಕಳಿಸಿದವರಿಗೆ ಗ್ರೂಪ್‌ನಲ್ಲೇ ಕೇಳಿದರು: ಇದು ಎಲ್ಲಿಂದ ಬಂತು? ಆ ಪ್ರಶ್ನೆಯನ್ನು ನೀವೂ ಕೇಳಿ. ಆಮೇಲೆ ಫಾರ್ವರ್ಡ್ ಮಾಡಿ.