ಎಡೆದೊರೆ ನಾಡಿನ ಬಂಡೆಗಳನ್ನು ಓದಿದ ಬ್ರೂಸ್ ಫೂಟ್

ಸಿಂಧನೂರಿನ ಭತ್ತದ ಬಯಲು ದಾಟಿ ಮಸ್ಕಿ, ಲಿಂಗಸುಗೂರಿನತ್ತ ಸಾಗಿದರೆ ನೆಲದ ಚಹರೆಯೇ ಬದಲಾಗುತ್ತದೆ. ಎರೆಮಣ್ಣಿನ ಸಮತಟ್ಟು ನೆಲದ ನಡುವೆ ಯಾರೋ ಪೇರಿಸಿಟ್ಟಂತಹ ಹೆಬ್ಬಂಡೆಗಳ ಗುಡ್ಡಗಳು ತಲೆಯೆತ್ತುತ್ತವೆ. ಛಾಯಾಗ್ರಾಹಕರನ್ನು ಇಂದು ಸೆಳೆಯುವ ಈ ಭೂದೃಶ್ಯವನ್ನು ಕ್ಯಾಮೆರಾ ಅಪರೂಪವಾಗಿದ್ದ ಕಾಲದಲ್ಲೇ ಶಾಸ್ತ್ರೀಯವಾಗಿ ದಾಖಲಿಸಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಅವರಿಗೆ ದೊರೆತ ಕಲ್ಲಿನ ಕೊಡಲಿ, ಭಾರತದಲ್ಲಿ ಹಳೆ ಶಿಲಾಯುಗದ ಮಾನವನಿದ್ದ ಎಂಬುದಕ್ಕೆ ಸಾಕ್ಷಿಯಾಯಿತು. ಭಾರತದ ಪ್ರಾಗಿತಿಹಾಸದ ಜನಕ ಎಂಬ ಮನ್ನಣೆ ಅವರಿಗೆ ಸಂದದ್ದು ಇದರಿಂದಲೇ.

ರಾಯಚೂರು ಸೀಮೆಯೂ ಈ ಶೋಧಕ್ಕೆ ಹೊಸದಾಗಿರಲಿಲ್ಲ. 1842ರಲ್ಲೇ ಡಾ. ಪ್ರಿಮ್‌ರೋಸ್ ಎಂಬುವರು ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿ, ಬಾಣದ ಮೊನೆಗಳನ್ನು ಗುರುತಿಸಿದ್ದರು. ಫೂಟ್ 1870 ಮತ್ತು 1888ರಲ್ಲಿ ಮಸ್ಕಿಯ ಪ್ರಾಚೀನ ನೆಲೆಯನ್ನು ಗಮನಿಸಿ ದಾಖಲಿಸಿದರು.

ಆ ಕಾಲದ ಛಾಯಾಗ್ರಹಣಕ್ಕೆ ಗಾಜಿನ ಫಲಕ, ರಾಸಾಯನಿಕ, ಕತ್ತಲೆಯ ಡೇರೆ ಎಲ್ಲವನ್ನೂ ಹೊತ್ತು ತಿರುಗಬೇಕಿತ್ತು. ಹೀಗಾಗಿ ಭೂವಿಜ್ಞಾನಿಯ ಮುಖ್ಯ ಸಾಧನಗಳು ಸುತ್ತಿಗೆ, ನಕ್ಷೆ ಮತ್ತು ಕೈಬರಹದ ಟಿಪ್ಪಣಿಗಳೇ ಆಗಿದ್ದವು. ಅವುಗಳ ನೆರವಿನಿಂದ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತು 1876ರಲ್ಲಿ, ಬಳ್ಳಾರಿ ಜಿಲ್ಲೆಯ ಕುರಿತು 1895ರಲ್ಲಿ ವಿಸ್ತಾರವಾದ ವರದಿಗಳನ್ನು ಹೊರತಂದರು.

ಈ ಗುಡ್ಡಗಳ ರೂಪ ನೀರು ಮತ್ತು ಕಾಲದ ಕೈಚಳಕ. ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ ಇಳಿದ ನೀರು ಮೊದಲು ಅಂಚು, ಮೂಲೆಗಳನ್ನು ಸವೆಸುತ್ತದೆ. ನೆಲದೊಳಗೇ ದುಂಡಗಾದ ಬಂಡೆಗಳು ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಒಂದರ ಮೇಲೊಂದು ನಿಂತಂತೆ ಬಯಲಾಗುತ್ತವೆ.

ಗ್ರಾನೈಟ್ ನೆಲದ ನಡುವೆ ಪಟ್ಟಿಗಳಂತೆ ಹಾದುಹೋಗುವ ಪದರಶಿಲೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, 1886ರಲ್ಲಿ ಧಾರವಾಡದ ಹೆಸರಿಟ್ಟವರೂ ಫೂಟ್ ಅವರೇ. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಶಿಲೆಗಳಲ್ಲಿದೆ ಎಂದು ಅವರು ತೋರಿಸಿಕೊಟ್ಟರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಇರುವುದು ಇಂತಹುದೇ ಹಟ್ಟಿ–ಮಸ್ಕಿ ಪಟ್ಟಿಯಲ್ಲಿ.

ಪ್ರಕೃತಿ ನಿರ್ಮಿತ ದಿಬ್ಬ ಯಾವುದು, ಮನುಷ್ಯ ನಿರ್ಮಿತ ಯಾವುದು ಎಂಬ ಪ್ರಶ್ನೆಯೂ ಅವರನ್ನು ಕಾಡಿತು. ಈ ಭಾಗದ ಬೂದಿದಿಬ್ಬಗಳು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಅವರು ವಾದಿಸಿದರು. 1899ರಲ್ಲಿ ರಾಬರ್ಟ್ ಸೆವೆಲ್ ಇದಕ್ಕೆ ಭಿನ್ನವಾಗಿ, ಅವು ವಿಜಯನಗರ ಕಾಲದ ಸಾಮೂಹಿಕ ದಹನದ ಕುರುಹುಗಳಿರಬಹುದೆಂದು ಊಹಿಸಿದರು. ಫೂಟ್ ಬದುಕಿರುವವರೆಗೆ ಈ ಚರ್ಚೆ ಇತ್ಯರ್ಥವಾಗಲಿಲ್ಲ. 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತಾಗ ಫೂಟ್ ಅವರ ನಿಲುವು ಸಮರ್ಥನೆ ಪಡೆಯಿತು.

1891ರಲ್ಲಿ ನಿವೃತ್ತರಾದ ಫೂಟ್, 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಬಳಿಕ ತಮಿಳುನಾಡಿನ ಯೇರ್ಕಾಡಿನಲ್ಲಿ ನೆಲೆಸಿ, 1912ರ ಡಿಸೆಂಬರ್ 29ರಂದು ನಿಧನರಾದರು. ಮೂರು ವರ್ಷಗಳ ನಂತರ, 1915ರಲ್ಲಿ, ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯೊಂದರಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಪತ್ತೆಹಚ್ಚಿದರು. ಫೂಟ್ ಗಮನಿಸಿದ್ದ ಊರು ಹೀಗೆ ಜಗತ್ತಿಗೆ ಪರಿಚಿತವಾಯಿತು.

ಅವರ ಸಂಗ್ರಹ ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅವರು ನಡೆದಾಡಿದ ನೆಲ ಹಾಗೆಯೇ ಉಳಿದಿಲ್ಲ. 1872ರಲ್ಲಿ ಅವರು ಗುರುತಿಸಿದ ಬಳ್ಳಾರಿ ಬಳಿಯ ಸಂಗನಕಲ್ಲು ಗುಡ್ಡಗಳು ಕಲ್ಲುಗಣಿಗಾರಿಕೆಯಿಂದ ಗಾಸಿಗೊಂಡಿವೆ. ಎಷ್ಟೋ ಬೂದಿದಿಬ್ಬಗಳು ಗೊಬ್ಬರವಾಗಿ ಹೊಲ ಸೇರಿವೆ. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಬಂಡೆಯನ್ನು ಜಲ್ಲಿಯಾಗಿಸಲು ಇಂದು ಕೆಲವು ದಿನಗಳು ಸಾಕು. ಮಸ್ಕಿ, ಲಿಂಗಸುಗೂರಿನ ಗುಡ್ಡಗಳು ಅಳಿಯುವ ಮುನ್ನ ಅವುಗಳನ್ನು ಕ್ಯಾಮೆರಾದಲ್ಲಿ ದಾಖಲಿಸುವುದು ಫೂಟ್ ಆರಂಭಿಸಿದ ಕೆಲಸದ ಮುಂದುವರಿಕೆಯೇ ಆಗಿದೆ.