ಲೇಡಿ ಮೆಹರಬಾಯಿ ಟಾಟಾ

ನಮ್ಮ ತಡವಳದ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯೆಂದು ಗೊತ್ತಾದರೆ, ಅವರನ್ನು ಮುಂಬಯಿಗೆ ‘ಟಾಟಾ’ಕ್ಕೆ ಒಯ್ಯಬೇಕೆಂಬ ಮಾತು ಮನೆಯವರ ಬಾಯಿಂದ ಬರುತ್ತದೆ. ಸೊಲ್ಲಾಪುರದಲ್ಲಿ ರಾತ್ರಿಯ ಗಾಡಿ ಹತ್ತಿ, ಬೆಳಿಗ್ಗೆ ಮುಂಬಯಿಯಲ್ಲಿಳಿದು ಪರೇಲಿನ ದಾರಿ ಕೇಳುತ್ತ ಹೋದವರು ನಮ್ಮಲ್ಲಿಯೂ ಇದ್ದಾರೆ. ಟಾಟಾ ಎಂದರೆ ನಮಗೆ ಲಾರಿ, ಉಪ್ಪು, ಉಕ್ಕು ನೆನಪಾಗುತ್ತವೆ. ಆ ಹೆಸರು ಕ್ಯಾನ್ಸರ್ ಆಸ್ಪತ್ರೆಗೆ ಅಂಟಿಕೊಂಡದ್ದರ ಹಿಂದೆ ಒಬ್ಬ ಹೆಣ್ಣುಮಗಳ ಬಾಳು ಇದೆ. ಆ ಹೆಣ್ಣುಮಗಳು ಆಡಿ ಬೆಳೆದದ್ದು ಕನ್ನಡ ನಾಡಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೆಹರಬಾಯಿಯವರು ಹುಟ್ಟಿದ್ದು 1879ರ ಅಕ್ಟೋಬರ 10ರಂದು ಮುಂಬಯಿಯ ಪಾರಸಿ ಮನೆತನದಲ್ಲಿ. ತಂದೆ ಹೊರ್ಮಸಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಆದ್ದರಿಂದ ಮಗಳ ಬಾಲ್ಯವೂ ವಿದ್ಯಾಭ್ಯಾಸವೂ ಬೆಂಗಳೂರು, ಮೈಸೂರುಗಳಲ್ಲಿ ನಡೆದವು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ತಂದೆ ಮಗಳಿಗೆ ಪುಸ್ತಕ, ಸಂಗೀತ, ಆಟ ಮೂರನ್ನೂ ಕೊಟ್ಟರು. ಮೆಹರಬಾಯಿ ಪಿಯಾನೊ ನುಡಿಸುವುದರಲ್ಲಿ ನಿಪುಣರಾದರು. ಸೀರೆಯುಟ್ಟೇ ಟೆನಿಸ್ ಆಡಿ ಅನೇಕ ಬಹುಮಾನಗಳನ್ನು ಗೆದ್ದರು.

ಜಮಶೇಟಜಿ ಟಾಟಾ ಅವರು ಮೈಸೂರಿಗೆ ಬಂದಾಗ ಭಾಭಾ ಅವರ ಮನೆಯಲ್ಲಿ ಈ ಹುಡುಗಿಯನ್ನು ಕಂಡು ಮೆಚ್ಚಿದರು. ತಮ್ಮ ಹಿರಿಯ ಮಗ ದೊರಾಬಜಿಯವರಿಗೆ ತಕ್ಕ ಹೆಣ್ಣೆಂದು ಎಣಿಸಿ ಮಗನನ್ನು ಮೈಸೂರಿಗೆ ಕಳಿಸಿದರು. 1898ರ ಫೆಬ್ರುವರಿ 14ರಂದು ಮದುವೆಯಾಯಿತು. ಗಂಡನಿಗೂ ಹೆಂಡತಿಗೂ ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಅಂತರ. ಆದರೆ ಅವರ ಪ್ರೀತಿಗೆ ಅದು ಅಡ್ಡ ಬರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. 1910ರಲ್ಲಿ ದೊರಾಬಜಿಯವರಿಗೆ ಸರ್ ಪದವಿ ಬಂದಾಗ ಮೆಹರಬಾಯಿಯವರು ಲೇಡಿ ಟಾಟಾ ಎನಿಸಿದರು.

ಅವರ ಬಳಿ ಜುಬಿಲಿ ಎಂಬ ವಜ್ರವಿತ್ತು. ಅದರ ತೂಕ 245 ಕ್ಯಾರಟ್, ಕೊಹಿನೂರಿನ ಎರಡು ಪಟ್ಟಿಗೂ ಹೆಚ್ಚು. 1924ರಲ್ಲಿ ಜಮಶೇದಪುರದ ಉಕ್ಕಿನ ಕಾರಖಾನೆಯಲ್ಲಿ ಕೂಲಿ ಕೊಡಲೂ ಹಣ ಸಾಲದಂತಾಯಿತು. ಆಗ ದೊರಾಬಜಿಯವರು ತಮ್ಮ ಸ್ವಂತ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಈ ವಜ್ರದ ಸಮೇತ ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತಂದರು. ಕಾರಖಾನೆ ಉಳಿಯಿತು, ಕೂಲಿಕಾರರ ಒಲೆಗಳು ಉರಿದವು. ಮೈಮೇಲಿನ ಒಡವೆಯನ್ನು ಹತ್ತು ಜನರ ಅನ್ನಕ್ಕಾಗಿ ಬಿಚ್ಚಿಕೊಟ್ಟ ಹೆಂಗಸರು ನಮ್ಮ ಬಡ ಮನೆಗಳಲ್ಲಿಯೂ ಇದ್ದಾರೆ. ಸಿರಿವಂತರ ಮನೆಯಲ್ಲಿ ಅಂಥ ಮನಸ್ಸು ಕಂಡಾಗಲೂ ನಾವು ಮೆಚ್ಚಲೇಬೇಕು.

ಲೇಡಿ ಟಾಟಾ ಅವರು ಸ್ತ್ರೀಯರ ಸಂಘಗಳನ್ನು ಕಟ್ಟುವುದರಲ್ಲಿ ಮುಂದಾಗಿದ್ದರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ, ಪರದೆಯ ಪದ್ಧತಿ ಹೋಗಲೆಂದು ದುಡಿದರು. ಎಳೆಯ ಮಕ್ಕಳ ಮದುವೆ ನಿಲ್ಲಬೇಕೆಂದು 1927ರಲ್ಲಿ ಅಮೇರಿಕದಲ್ಲಿಯೂ ಭಾಷಣ ಮಾಡಿದರು. ಎರಡು ವರ್ಷಗಳ ನಂತರ, 1929ರಲ್ಲಿ, ಹೆಣ್ಣಿಗೆ 14 ಮತ್ತು ಗಂಡಿಗೆ 18 ವರ್ಷವಾಗದೆ ಮದುವೆ ಕೂಡದೆಂಬ ಶಾರದಾ ಕಾಯದೆ ಬಂದಿತು. ಇಂದು ಆ ವಯಸ್ಸು 18 ಮತ್ತು 21 ಆಗಿದೆ.

ಇಂಥ ಚಟುವಟಿಕೆಯ ಜೀವಕ್ಕೆ ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯ ತಗಲಿತು. 1931ರ ಜೂನ 18ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತದ ರೂಥಿನ್ ಎಂಬ ಊರಿನ ಶುಶ್ರೂಷಾಲಯದಲ್ಲಿ ಮೆಹರಬಾಯಿಯವರು ತೀರಿಕೊಂಡರು. ಆಗ ಅವರಿಗೆ 51 ವರ್ಷ. ಲಂಡನ್ನಿನ ಹತ್ತಿರದ ಬ್ರೂಕವುಡ್ ಸ್ಮಶಾನದಲ್ಲಿ ಅವರ ಸಮಾಧಿಯಾಯಿತು.

ವಿದ್ಯಾರ್ಥಿಗಳೇ, ಅಷ್ಟು ಹಣವಿದ್ದೂ ಜೀವವೇಕೆ ಉಳಿಯಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಬೇಕಾದರೆ ಈ ರೋಗದ ಸ್ವರೂಪವನ್ನು ತುಸು ತಿಳಿಯಬೇಕು. ನಮ್ಮ ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟಿ, ಬಲಿತು, ಅನಂತರ ರಕ್ತಕ್ಕೆ ಇಳಿಯುತ್ತವೆ. ಲ್ಯುಕೇಮಿಯದಲ್ಲಿ ಬಿಳಿಯ ಕಣಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಇದರಲ್ಲಿ ಹಲವು ಬಗೆ. ತೀವ್ರ ಬಗೆಯದು ಕೆಲವೇ ವಾರಗಳಲ್ಲಿ ಮನುಷ್ಯನನ್ನು ಹಾಸಿಗೆಗೆ ಕೆಡವುತ್ತದೆ. ನಿಧಾನದ ಬಗೆಯದು ವರ್ಷಗಟ್ಟಲೆ ಸುಮ್ಮನಿದ್ದಂತೆ ತೋರುತ್ತದೆ.

ನಿಧಾನದ ಬಗೆಗಳಲ್ಲಿ ಒಂದನ್ನು ನಮ್ಮ ಜೋಳದ ಹೊಲಕ್ಕೆ ಹೋಲಿಸಿ ನೋಡೋಣ. ಮೊದಮೊದಲು ಬೆಳೆ ಅತಿಯಾಗಿ ದಟ್ಟವಾಗಿದ್ದರೂ ತೆನೆಗಳು ಕಾಳು ಕಟ್ಟುತ್ತವೆ. ಅಂತೆಯೇ ಕಣಗಳು ಹೆಚ್ಚಾದರೂ ಬಲಿಯುತ್ತವೆ, ಕೆಲಸವನ್ನೂ ಮಾಡುತ್ತವೆ. ರೋಗಿಗೆ ದಣಿವು, ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಗುಲ್ಮ ದೊಡ್ಡದಾಗಿ ಹೊಟ್ಟೆ ಭಾರವೆನಿಸುವುದು, ಇಷ್ಟೇ ಇರಬಹುದು. ಕೆಲವರಿಗೆ ಏನೂ ಅನಿಸುವುದಿಲ್ಲ. ಬೇರೆ ಕಾರಣಕ್ಕೆ ರಕ್ತ ತಪಾಸಿಸಿದಾಗ ಗೊತ್ತಾಗುತ್ತದೆ. ಔಷಧಿಯಿಲ್ಲದಿದ್ದರೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಹೊಲದ ಸ್ಥಿತಿ ಕೆಡುತ್ತದೆ. ಹೊಸ ಹೊಸ ದೋಷಗಳು ಸೇರಿ, ಕಣಗಳು ಬಲಿಯುವುದನ್ನೇ ಮರೆಯುತ್ತವೆ. ಬರಿಯ ಎಳೆಯ ಕಣಗಳೇ ಮಜ್ಜೆಯನ್ನು ತುಂಬುತ್ತವೆ. ಕೆಂಪು ಕಣ ಕಡಿಮೆಯಾಗಿ ಮುಖ ಬಿಳಚುತ್ತದೆ, ರಕ್ತ ಸೋರುತ್ತದೆ, ಸಣ್ಣ ಜ್ವರವೂ ಪ್ರಾಣಕ್ಕೆ ಬರುತ್ತದೆ. ನಿಧಾನದ ರೋಗ ತೀವ್ರ ರೋಗವಾಗುವುದೆಂದರೆ ಇದೇ. ಆಗ ಉಳಿಯುವ ಕಾಲ ಹೆಚ್ಚಾಗಿ ಕೆಲವೇ ತಿಂಗಳು.

1931ರಲ್ಲಿ ವೈದ್ಯರ ಕೈಯಲ್ಲಿದ್ದದ್ದು ಕ್ಷ-ಕಿರಣ ಮತ್ತು ಶಂಖಪಾಷಾಣದ ಔಷಧಿ. ಅವು ಸ್ವಲ್ಪ ಕಾಲ ಆರಾಮ ಕೊಡುತ್ತಿದ್ದವೇ ಹೊರತು ರೋಗದ ಬೇರನ್ನು ಮುಟ್ಟುತ್ತಿರಲಿಲ್ಲ. ಆ ಬೇರು ಎಲ್ಲಿದೆಯೆಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದ ವಿದ್ಯೆಯನ್ನು ಹಣ ಕೊಟ್ಟು ಕೊಳ್ಳಲು ಬರುವುದಿಲ್ಲ.

ದೊರಾಬಜಿಯವರು ಈ ಮಾತನ್ನು ತಮ್ಮ ದುಃಖದಲ್ಲಿ ಅರಿತುಕೊಂಡರೆಂದು ನಮಗೆ ತೋರುತ್ತದೆ. ಅವರು ಹೆಂಡತಿಯ ಹೆಸರಿನಲ್ಲಿ ಬರಿಯ ಕಲ್ಲಿನ ಸ್ಮಾರಕ ನಿಲ್ಲಿಸಿ ಸುಮ್ಮನಾಗಲಿಲ್ಲ. 1932ರ ಏಪ್ರಿಲದಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಅದರ ಆದಾಯದ ಐದರಲ್ಲಿ ನಾಲ್ಕು ಪಾಲು ಜಗತ್ತಿನ ಯಾವ ದೇಶದವರೇ ಆಗಲಿ ಲ್ಯುಕೇಮಿಯದ ಸಂಶೋಧನೆ ಮಾಡುವವರಿಗೆ. ಒಂದು ಪಾಲು ಭಾರತದಲ್ಲಿ ರೋಗಿಗಳ ನೋವು ಕಳೆಯುವ ಸಂಶೋಧನೆಗೆ. ಉಳಿದ ಆಸ್ತಿಯನ್ನೂ ಆ ಜುಬಿಲಿ ವಜ್ರವನ್ನೂ ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟರು. ಹೆಂಡತಿಯ ಸಮಾಧಿಯನ್ನು ನೋಡಲು ಹೊರಟವರು, ದಾರಿಯಲ್ಲಿ ಜರ್ಮನಿಯ ಬಾಡ್ ಕಿಸ್ಸಿಂಗೆನ್ನಿನಲ್ಲಿ 1932ರ ಜೂನ 3ರಂದು ತೀರಿಕೊಂಡರು. ಅವರ ಸಮಾಧಿ ಮೆಹರಬಾಯಿಯವರ ಬದಿಯಲ್ಲಿಯೇ ಇದೆ.

ಅವರ ಟ್ರಸ್ಟ್ ಪರೇಲಿನಲ್ಲಿ ಕಟ್ಟಿಸಿದ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರುವರಿ 28ರಂದು ತೆರೆಯಿತು. 1957ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದ ವಿಜ್ಞಾನಿ ಹೋಮಿ ಭಾಭಾ ಅವರು ಮೆಹರಬಾಯಿಯವರ ಸಹೋದರನ ಮಗ.

ರೋಗದ ಬೇರು ಕೂಡ ಮೆಲ್ಲನೆ ಸಿಕ್ಕಿತು. 1960ರಲ್ಲಿ ಅಮೇರಿಕದ ನೊವೆಲ್ ಮತ್ತು ಹಂಗರಫೋರ್ಡ್ ಎಂಬ ವಿಜ್ಞಾನಿಗಳು ಈ ನಿಧಾನದ ರೋಗಿಗಳ ಕಣಗಳಲ್ಲಿ ಗಿಡ್ಡದಾದ ಒಂದು ವರ್ಣತಂತುವನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ ಎಂಬ ಮಹಿಳೆ, 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಹೀಗಾಗುತ್ತದೆಂದು ತೋರಿಸಿದರು. ಆ ದೋಷವನ್ನೇ ಹಿಡಿದು ತಡೆಯುವ ಇಮಾಟಿನಿಬ್ ಎಂಬ ಗುಳಿಗೆ 2001ರಲ್ಲಿ ಬಂದಿತು. 2013ರ ಏಪ್ರಿಲ 1ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಪರದೇಶದ ಕಂಪನಿ ಕೇಳಿದ ಪೇಟೆಂಟ್ ಹಕ್ಕನ್ನು ನಿರಾಕರಿಸಿದ್ದರಿಂದ, ಭಾರತದ ಕಂಪನಿಗಳು ಕಡಿಮೆ ಬೆಲೆಗೆ ಅದನ್ನು ತಯಾರಿಸುವುದು ನಿಲ್ಲಲಿಲ್ಲ. ಗುಳಿಗೆಯನ್ನು ಕ್ರಮವಾಗಿ ನುಂಗುವವರಲ್ಲಿ ರೋಗ ತೀವ್ರವಾಗುವುದು ಈಗ ಅಪರೂಪ. ಅನೇಕರು ಹೊಲಮನೆಯ ಕೆಲಸ ಮಾಡಿಕೊಂಡು ಬಹುಕಾಲ ಬಾಳುತ್ತಾರೆ.

ಆದ್ದರಿಂದ ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಈ ರೋಗ ಅಂಟುಜಾಡ್ಯವಲ್ಲ; ರೋಗಿಯ ತಾಟು, ಲೋಟ ಬೇರೆ ಇಡಬೇಕಾಗಿಲ್ಲ. ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ಗುಳಿಗೆ ಬಿಡಬಾರದು. ಸುಮ್ಮನಿದ್ದಂತೆ ತೋರುವ ರೋಗ ತಿರುಗಿ ಬೀಳುವುದು ಹೀಗೆ ಬಿಟ್ಟಾಗಲೇ ಹೆಚ್ಚು. ಮುಂಬಯಿ ದೂರವೆನಿಸಿದರೆ ನಮ್ಮ ಜಿಲ್ಲೆಯ ಬಾರ್ಶಿಯಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ.

ಮೆಹರಬಾಯಿಯವರಿಗೆ ಈ ವಿದ್ಯೆಯ ಫಲ ದೊರೆಯಲಿಲ್ಲ. ಅವರ ಸಾವಿನಿಂದ ಹುಟ್ಟಿದ ದಾನದ ಫಲ ಮಾತ್ರ ಹೆಸರು ತಿಳಿಯದ ಎಷ್ಟೋ ಮನೆಗಳಿಗೆ ಮುಟ್ಟಿದೆ. ನಮ್ಮ ಶಾಲೆಯ ಹುಡುಗ ಹುಡುಗಿಯರಲ್ಲಿ ಯಾರಾದರೊಬ್ಬರು ಮುಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಇನ್ನೂ ಸಿಗದಿರುವ ಬೇರುಗಳನ್ನು ಹುಡುಕಲಿ ಎಂದು ಹಾರೈಸುತ್ತೇವೆ.